ಕ್ಯಾಂಟೀನಿನ ಮೇಲಿನ ಸಂಗೀತ ವಿಭಾಗ

ಪಿಟೀಲು ಮೇಡಂಗೆ ಮುಖ್ಯಸ್ಥೆಯ ಕುರ್ಚಿ ಸಿಕ್ಕಿದ್ದು ಉಳಿದವರೆಲ್ಲ ಜಾರಿಕೊಂಡದ್ದರಿಂದ. ಹಳೆಯ ಮುಖ್ಯಸ್ಥರು ನಿವೃತ್ತರಾಗುವ ವಾರವೇ ಪಿಯಾನೋ ಕಲಿಸುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಬೆನ್ನುನೋವು ಬಂತು. ತಾಳವಾದ್ಯದ ಮೇಷ್ಟ್ರಂತೂ ಮುಖಕ್ಕೇ ಹೇಳಿದರು: "ನಂಗೆ ಬಾರಿಸೋಕೆ ಬರುತ್ತೆ, ಸಹಿ ಹಾಕೋಕೆ ಬರಲ್ಲ. ನೀವೇ ಕೂತ್ಕೊಳ್ಳಿ ಮೇಡಂ, ವಯಸ್ಸು ಚಿಕ್ಕದು, ತಡಕೋತೀರಿ." ಆಗಿನ್ನೂ ಮೂವತ್ತೈದು ದಾಟದಿದ್ದ ಮೇಡಂ ಬೇಡ ಅನ್ನುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಬಾಗಿಲಿಗೆ ಅವರ ಹೆಸರಿನ ಫಲಕ ಬಿದ್ದಾಗಿತ್ತು.

ವಿಭಾಗ ಎಂದರೆ ಎಷ್ಟು ಮಹಾ! ವಿಶ್ವವಿದ್ಯಾಲಯದ ಕ್ಯಾಂಟೀನಿನ ಮೇಲಿನ ಎರಡು ಕೋಣೆ, ನಡುವೆ ಒಂದು ಕಾರಿಡಾರು. ಕೆಳಗೆ ಈರುಳ್ಳಿ ಬಾಣಲೆಗೆ ಬಿದ್ದರೆ ಮೇಲೆ ಹಾಡುವವರು ಕೆಮ್ಮಬೇಕು. ಪಿಯಾನೋದ ಒಂದು ಕಾಲು ಮುರಿದು ಅದರಡಿ ಮರದ ತುಂಡು ಇಟ್ಟಿದ್ದರು. ಯಾರಾದರೂ ಹುಮ್ಮಸ್ಸಿನಿಂದ ನುಡಿಸಿದರೆ ತುಂಡು ಜಾರಿ ಪಿಯಾನೋ ಒಂದು ಕಡೆ ವಾಲುತ್ತಿತ್ತು. ಗೋಡೆಯಾಚೆ ಸಂಖ್ಯಾಶಾಸ್ತ್ರದವರು. ಅಲ್ಲಿಯ ಪ್ರೊಫೆಸರರೊಬ್ಬರು ದಿನಕ್ಕೆರಡು ಸಲವಾದರೂ ಗೋಡೆ ಬಡಿದು "ಶ್ಶ್!" ಅನ್ನುತ್ತಿದ್ದರು. ಅವರ ಹೆಸರೇ ಶ್ಶ್ ಪ್ರೊಫೆಸರ್ ಎಂದಾಗಿಹೋಗಿತ್ತು.

ಮುಖ್ಯಸ್ಥರ ಮೊದಲ ಸಭೆಗೆ ಮೇಡಂ ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಉದ್ದನೆಯ ಮೇಜಿನ ಆ ತುದಿಯಲ್ಲಿ ಕುಲಪತಿಗಳು ಕನ್ನಡಕ ಮೇಲಕ್ಕೆ ತಳ್ಳಿದರು.

"ಸಂಗೀತದವರಲ್ವಾ? ಈ ಸಲ ನಿಮ್ಮಲ್ಲಿ ಸೇರಿದವರನ್ನ ಒಂದೇ ಆಟೋದಲ್ಲಿ ಕೂರಿಸಬಹುದು. ವಿಭಾಗ ಮುಚ್ಚಿ ನಿಮ್ಮನ್ನೆಲ್ಲ ಸಾಹಿತ್ಯದವರ ಜೊತೆ ಸೇರಿಸೋಣ ಅಂತಿದೀವಿ. ಏನಂತೀರಿ?"

ಸಭೆಯಲ್ಲಿ ಸಣ್ಣ ನಗೆ ಎದ್ದಿತು. ಮೇಡಂ ಎದ್ದು ನಿಂತರು. "ಸರ್, ಅದು ಹಾಗಲ್ಲ..." ಅಷ್ಟೇ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ! ನೀರು ಕುಡಿದರು, ಕೂತರು. "ಸರಿ, ಈ ವರ್ಷ ಮುಗೀಲಿ, ನೋಡೋಣ" ಎಂದು ಕುಲಪತಿಗಳೇ ಕನಿಕರದಿಂದ ಮುಂದಿನ ವಿಷಯಕ್ಕೆ ಹೋದರು.

ಮನೆಗೆ ಬಂದವರೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟರು. ಗಂಡನಿಗೆ ರೈಲ್ವೆಯಲ್ಲಿ ಪಾಳಿ ಕೆಲಸ. ಆ ಹೊತ್ತಿಗೆ ಮನೆಯಲ್ಲಿದ್ದದ್ದು ಪಾಠ ಬರೆಯುತ್ತಿದ್ದ ಪುಟ್ಟ ಮಗಳು, ಬಟಾಣಿ ಸುಲಿಯುತ್ತಿದ್ದ ಅತ್ತೆ. ಅತ್ತೆ ಒಂದಿಡೀ ಆಯಸ್ಸು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಸಂಗೀತಕ್ಕೂ ಅವರಿಗೂ ಎಣ್ಣೆ ಸೀಗೇಕಾಯಿ. ಅವರು ಗುನುಗಿದರೆ ಮೊಮ್ಮಗಳು ಕಿವಿ ಮುಚ್ಚುತ್ತಿದ್ದಳು. ಆದರೂ ಸೊಸೆಯ ವಿಭಾಗವನ್ನು "ನಿನ್ನ ಇನ್ನೊಂದು ಗಂಡನ ಮನೆ" ಎಂದು ಕರೆದು, ಅಲ್ಲಿಯ ಸಮಾಚಾರವನ್ನು ದಿನವೂ ಕೆದಕಿ ಕೇಳುವವರು.

"ಅತ್ತಿದ್ದು ಸಾಕು. ಆ ಬುಟ್ಟಿ ಇತ್ತ ತಳ್ಳು. ಯಾಕೆ ಯಾರೂ ಸೇರ್ತಿಲ್ವಂತೆ?"

"ಬರ್ತಾರೆ ಅತ್ತೆ. ಪ್ರವೇಶ ಪರೀಕ್ಷೇಲಿ ನಾವೇ ವಾಪಸ್ ಕಳಿಸ್ತೀವಿ. ಚಿಕ್ಕಂದಿನಿಂದ ಕಲಿತು ಬಂದೋರಿಗೆ ಮಾತ್ರ ಸೀಟು."

ಅತ್ತೆಯ ಕೈ ನಿಂತಿತು. "ಒಂದನೇ ಕ್ಲಾಸಿಗೆ ಬರೋ ಮಕ್ಕಳೆಲ್ಲ ಓದೋಕೆ ಕಲಿತೇ ಬರಬೇಕು ಅಂದಿದ್ರೆ ನಂಗೆ ಯಾರು ಕಣೇ ಸಂಬಳ ಕೊಡ್ತಿದ್ರು?"

ಮೇಡಂ ಕಣ್ಣೊರೆಸಿಕೊಂಡರು, ನಕ್ಕರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಅವರು ಸ್ವತಃ ನಾಲ್ಕನೇ ವಯಸ್ಸಿಗೇ ಪಿಟೀಲು ಹಿಡಿದವರು. ಮನೆಯಲ್ಲಿ ಅಪ್ಪ ನುಡಿಸುತ್ತಿದ್ದರು. ಹಾಗೆ ನುಡಿಸುವ ಅಪ್ಪ ಇಲ್ಲದವರು ಎಲ್ಲಿಗೆ ಹೋಗಬೇಕು ಎಂದು ಅಲ್ಲಿಯವರೆಗೆ ಅವರಿಗೆ ಹೊಳೆದೇ ಇರಲಿಲ್ಲ.

ಮರುವರ್ಷ ಅವರು ಮಾಡಿದ್ದು ಒಂದೇ ಕೆಲಸ: ಮೊದಲು ಕಲಿತಿರಬೇಕೆಂಬ ನಿಯಮ ತೆಗೆದು, ಏನೂ ಬಾರದವರಿಗಾಗಿ ಒಂದು ತಯಾರಿ ವರ್ಷ ಶುರುಮಾಡಿದರು. ತಾಳದ ಮೇಷ್ಟ್ರು ಕೆಂಡವಾದರು.

"ಮೇಡಂ, ಇದು ವಿಶ್ವವಿದ್ಯಾಲಯ. ಶಿಶುವಿಹಾರ ಮಾಡ್ತೀರಾ?"

"ಮುಚ್ಚಿಹೋಗೋ ವಿಶ್ವವಿದ್ಯಾಲಯಕ್ಕಿಂತ ನಡೆಯೋ ಶಿಶುವಿಹಾರ ವಾಸಿ ಅಲ್ವಾ ಸರ್?"

ಮೇಷ್ಟ್ರು ಚರ್ಮದ ಚೀಲ ಹೆಗಲಿಗೇರಿಸಿಕೊಂಡು ಧಡಧಡ ಮೆಟ್ಟಿಲಿಳಿದರು. ಕೆಲಸ ಬಿಟ್ಟೇಬಿಡುತ್ತಾರೆಂದು ಎಲ್ಲರೂ ಅಂದುಕೊಂಡರು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಮುಖ ಮಾತ್ರ ಮೂರು ತಿಂಗಳು ಗಂಟಿಕ್ಕಿಯೇ ಇತ್ತು.

ಆ ವರ್ಷದ ಪ್ರವೇಶ ಪರೀಕ್ಷೆಗೆ ಬಂದವರಲ್ಲಿ ಒಬ್ಬ ಹುಡುಗಿಗೆ ಹೆದರಿದರೆ ಬಿಕ್ಕಳಿಕೆ ಬರುತ್ತಿತ್ತು. ಹಾಡು ಅಂದರೆ "ಆ... ಹಿಕ್", ಹೆಸರು ಕೇಳಿದರೂ "ಹಿಕ್". ಪಿಯಾನೋದವರು ಕರವಸ್ತ್ರ ಬಾಯಿಗಿಟ್ಟುಕೊಂಡು ಕಿಟಕಿಯತ್ತ ತಿರುಗಿದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಡಲು ಎದ್ದಳು. ಆಗ ಮೇಡಂ, "ಕೂತ್ಕೋಮ್ಮ. ಹಾಡಬೇಡ. ನಾನು ನುಡಿಸ್ತೀನಿ, ನೀನು ಎಲ್ಲಿ ತಪ್ಪಿದೆ ಅಂತ ಹೇಳು ಸಾಕು" ಎಂದು ಪಿಟೀಲು ಎತ್ತಿಕೊಂಡರು. ಬೇಕೆಂದೇ ಒಂದೆರಡು ಕಡೆ ತಪ್ಪು ನುಡಿಸಿದರು. ಹುಡುಗಿ ಎರಡನ್ನೂ ಹಿಡಿದಳು. ಮತ್ತೊಂದನ್ನೂ ಹಿಡಿದಳು, ಅದು ಮೇಡಂ ಬೇಕೆಂದು ಮಾಡಿದ್ದಲ್ಲ! ತಾಳದ ಮೇಷ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು. ಗಂಟಿಕ್ಕಿದ್ದ ಮುಖ ಸಡಿಲವಾದದ್ದು ಅವತ್ತೇ.

ಊಟದ ಬಿಡುವಿನಲ್ಲಿ ಯಾರು ಬೇಕಾದರೂ ಬಂದು ಹಾಡಬಹುದೆಂದು ಮೇಡಂ ಕ್ಯಾಂಟೀನಿನ ಗೋಡೆಗೆ ಒಂದು ಚೀಟಿ ಅಂಟಿಸಿದರು. ಮೊದಮೊದಲು ಬಂದವರು ಗುಮಾಸ್ತೆಯರಿಬ್ಬರು, ಒಬ್ಬ ಚಾಲಕ. ಮೆಲ್ಲಗೆ ಗುಂಪು ಬೆಳೆಯಿತು. ಗುಂಪು ಬೆಳೆದಂತೆ ಗೋಡೆಯಾಚೆಯ ಬಡಿತವೂ ಬೆಳೆಯಿತು. ಕೊನೆಗೊಂದು ಮಧ್ಯಾಹ್ನ ಶ್ಶ್ ಪ್ರೊಫೆಸರರು ಖುದ್ದಾಗಿ ಬಾಗಿಲಲ್ಲಿ ಪ್ರತ್ಯಕ್ಷರಾದರು. ಹಾಡು ಅರ್ಧಕ್ಕೇ ನಿಂತಿತು.

"ನೋಡಿ ಮೇಡಂ," ಅವರು ಗಂಭೀರವಾಗಿ ಹೇಳಿದರು, "ನೀವು ನಿಲ್ಲಿಸಿದ್ರೂ ನನ್ನ ತಲೇಲಿ ಅದು ನಿಲ್ತಿಲ್ಲ. ಪಾಠ ಮಾಡೋವಾಗ, ಸ್ನಾನ ಮಾಡೋವಾಗ, ಹೆಂಡತಿ ಜೊತೆ ಜಗಳ ಆಡೋವಾಗ, ಅದೇ ಸಾಲು! ಅದೂ ಅರ್ಧಕ್ಕೇ ನಿಂತುಹೋಗುತ್ತೆ. ಮುಂದಿನ ಸಾಲು ಯಾವುದು, ಅದನ್ನಾದ್ರೂ ಹೇಳಿಕೊಡಿ."

ಮುಂದಿನ ಸಾಲು ಕಲಿಯಲು ಕೂತವರು ಮತ್ತೆ ಏಳಲಿಲ್ಲ. ಅವರದು ಎಂಥ ಕಂಠ! ಬಾವಿಯೊಳಗಿಂದ ಬಂದಂಥ ದಪ್ಪ, ತಂಪು ದನಿ. ಗುಂಪಿಗೆ ಬುನಾದಿ ಸಿಕ್ಕಿದಂತಾಯಿತು.

ವರ್ಷದ ಕೊನೆಗೆ ಸಭಾಂಗಣ ಕೇಳಿದರೆ ಅದು ಯಾವುದೋ ಸಮ್ಮೇಳನಕ್ಕೆ ಹೋಗಿತ್ತು. ಕ್ಯಾಂಟೀನಿನಲ್ಲೇ ಮೇಜುಗಳನ್ನು ಗೋಡೆಗೆ ತಳ್ಳಿ, ಸಂಗೀತ ಕಚೇರಿ ಏರ್ಪಡಿಸಿದರು. ಕುಲಪತಿಗಳು ಬರಲಾರರೆಂದು ಎಲ್ಲರೂ ಅಂದುಕೊಂಡಿದ್ದರು. ಬಂದೇಬಿಟ್ಟರು, ಮುಂದಿನ ಸಾಲಿನಲ್ಲಿ ಕೂತರು. ಮೊಮ್ಮಗಳ ಕೈ ಹಿಡಿದು ಅತ್ತೆಯೂ ಬಂದಿದ್ದರು.

ತಯಾರಿ ವರ್ಷದವರ ತುಣುಕು ಶುರುವಾಯಿತು. ಪಿಟೀಲುಗಳು ಒಂದಷ್ಟು ದೂರ ಸರಿಯಾಗಿಯೇ ಸಾಗಿದವು. ಆಮೇಲೆ, ಎಲ್ಲರೂ ಮೌನವಾಗಿ ನಿಲ್ಲಬೇಕಾದ ಜಾಗದಲ್ಲಿ, "ಹಿಕ್!"

ಯಾರೋ ನಕ್ಕರು. ನಗು ಹಬ್ಬಿತು. ಗಾಬರಿಯಲ್ಲಿ ಒಬ್ಬ ಮುಂಚೆ ಶುರುಮಾಡಿದ, ಇನ್ನೊಬ್ಬ ತಡವಾಗಿ ಶುರುಮಾಡಿದ, ನಾದವೆಲ್ಲ ಕಲಸುಮೇಲೋಗರವಾಗಿ ನಿಂತುಹೋಯಿತು. ಮೇಡಂಗೆ ಕುಲಪತಿಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಮಕ್ಕಳ ಮುಖ ನೋಡಿದರು. ಅವರೆಲ್ಲ ಮೇಡಂ ಕಡೆಗೇ ನೋಡುತ್ತಿದ್ದರು. ಆ ಕ್ಷಣ ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಇವರೆಲ್ಲ ನನ್ನವರು ಅನ್ನಿಸಿತು ಅಷ್ಟೇ.

"ಬಿಕ್ಕಳಿಕೆ ಮುಗೀತಾ?" ಎಲ್ಲರಿಗೂ ಕೇಳುವಂತೆ ಕೇಳಿದರು.

"ಮುಗೀತು ಮೇಡಂ."

"ಹಾಗಾದ್ರೆ ಮೊದಲಿಂದ."

ಹಿಂದಿನ ಸಾಲಿನಿಂದ ಶ್ಶ್ ಪ್ರೊಫೆಸರರು, ಯಾರೂ ಕೇಳದಿದ್ದರೂ, ಆ ದಪ್ಪ ದನಿಯಲ್ಲಿ ಆಧಾರ ಸ್ವರ ಹಿಡಿದರು. ತಾಳದ ಮೇಷ್ಟ್ರು ಬೆರಳ ತುದಿಯಲ್ಲಿ ಮೆಲ್ಲಗೆ ಲಯ ಕೊಟ್ಟರು. ಮಕ್ಕಳು ಆ ಎರಡನ್ನೂ ಹಿಡಿದು ಹೊರಟವರು ದಡ ಮುಟ್ಟಿಯೇ ನಿಂತರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅತ್ತೆಯ ಚಪ್ಪಾಳೆ ಎಲ್ಲರಿಗಿಂತ ಆಮೇಲೆ ನಿಂತಿತು.

ಕತೆಗಳಲ್ಲಾದರೆ ಕುಲಪತಿಗಳು ಅಲ್ಲೇ ಎದ್ದು, ವಿಭಾಗ ಮುಚ್ಚುವುದಿಲ್ಲ ಎಂದು ಸಾರಬೇಕು. ಇವರು ಹೊರಡುವಾಗ, "ಚೆನ್ನಾಗಿತ್ತು. ಇನ್ನೊಂದು ವರ್ಷ ನೋಡೋಣ" ಅಂದರು. ಮರುವರ್ಷವೂ ಅದೇ ಮಾತು, ಅದರ ಮರುವರ್ಷವೂ ಅದೇ. ಕುಲಪತಿಗಳು ಬದಲಾದರು, ಮಾತು ಬದಲಾಗಲಿಲ್ಲ. ಸಂಗೀತ ವಿಭಾಗದಲ್ಲಿ "ಇನ್ನೊಂದು ವರ್ಷ" ಎಂಬುದು ನಮಸ್ಕಾರಕ್ಕೆ ಬದಲಾಗಿ ಹೇಳುವ ಮಾತಾಯಿತು. ಆದರೆ ಪ್ರತಿ ವರ್ಷವೂ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ನಿಂತವರ ಸಾಲು ಉದ್ದವಾಗುತ್ತಾ ಹೋಯಿತು. ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೋದಾಗ ಅದರ ಹಳೆಯ ಜಾಗ ಇವರಿಗೆ ಸಿಕ್ಕಿತು. ಪುಸ್ತಕದ ಕಪಾಟುಗಳಿದ್ದ ಕಡೆಯೆಲ್ಲ ಮರದ ಹಲಗೆಯ ಪುಟ್ಟ ಪುಟ್ಟ ಅಭ್ಯಾಸದ ಕೋಣೆಗಳು ಎದ್ದವು.

ಈ ಓಡಾಟದಲ್ಲಿ ಮೇಡಂ ತಮ್ಮ ಪಿಟೀಲನ್ನೇ ಮರೆತಿದ್ದರು. ಬೆಳಗ್ಗೆ ಸಭೆ, ಮಧ್ಯಾಹ್ನ ಗುಂಪು ಹಾಡು, ಸಂಜೆ ವೇಳಾಪಟ್ಟಿ. ಒಮ್ಮೆ ಹಳೆಯ ಗೆಳತಿಯೊಬ್ಬಳು ಕಚೇರಿಯಲ್ಲಿ ನುಡಿಸಲು ಕರೆದಾಗ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸಿ ನೋಡಿದರು. ಕೈ ಕೇಳಲಿಲ್ಲ. ಬೆರಳು ಹೋಗಬೇಕಾದ ಜಾಗ ಮನಸ್ಸಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಮತ್ತೆ ನುಡಿಸಿದರು, ಮತ್ತೆ ಎಡವಿದರು. ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟರು. ಗೆಳತಿಗೆ, ಈ ಸಲ ಆಗಲ್ಲ ಕಣೇ ಎಂದು ಫೋನು ಮಾಡಿದರು.

ತೆಳ್ಳನೆಯ ಹಲಗೆಯ ಗೋಡೆ. ಪಕ್ಕದ ಕೋಣೆಯಲ್ಲಿದ್ದ ತಾಳದ ಮೇಷ್ಟ್ರಿಗೆ ಎಲ್ಲವೂ ಕೇಳಿಸಿತ್ತು. ಮಾರನೆಯ ಬೆಳಗ್ಗೆ ಮೇಡಂ ಬಂದಾಗ ಮುಖ್ಯಸ್ಥೆಯ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು, ಮೂಗಿನ ತುದಿಗೆ ಕನ್ನಡಕ, ಮುಂದೆ ಕಡತಗಳ ರಾಶಿ.

"ಇದೇನ್ ಸರ್?"

"ಬೆಳಗ್ಗೆ ಮೊದಲ ಗಂಟೆ ಈ ಕುರ್ಚಿ ನಂದು. ನಿಮ್ಮ ಕೋಣೆ ಆ ಕೊನೇದು. ನುಡಿಸಿ, ಆಮೇಲೆ ಬನ್ನಿ."

"ನಿಮಗೆ ಸಹಿ ಹಾಕೋಕೆ ಬರಲ್ಲ ಅಂದಿದ್ರಲ್ಲ!"

"ಕಲೀತಿದೀನಿ. ಏನೂ ಬರದೇ ಇರೋರಿಗೂ ಇಲ್ಲಿ ಸೀಟಿದೆ ಅಂತ ಕೇಳಿದೆ."

ಮೇಡಂಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಪಿಟೀಲು ಎತ್ತಿಕೊಂಡು ಕೊನೆಯ ಕೋಣೆಗೆ ಹೋದರು. ಅಂದಿನಿಂದ ಮೇಷ್ಟ್ರು ನಿವೃತ್ತರಾಗುವವರೆಗೂ ಆ ಒಂದು ಗಂಟೆ ತಪ್ಪಲಿಲ್ಲ. ಯಾರಾದರೂ ಮೇಡಂ ಅವರನ್ನು ಕೇಳಿಕೊಂಡು ಬಂದರೆ "ಅವರು ಪಾಠಕ್ಕೆ ಹೋಗಿದಾರೆ" ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಕೈ ಮೊದಲಿನಂತಾಗಲು ಒಂದು ಚಳಿಗಾಲ, ಒಂದು ಬೇಸಿಗೆ ಬೇಕಾಯಿತು. ಮುಂದೆ ಗೆಳತಿ ಮತ್ತೆ ಕರೆದಾಗ ಮೇಡಂ ಹೋದರು, ನುಡಿಸಿದರು. ಜೊತೆಗೆ ತಾಳಕ್ಕೆ ಕೂತವರು ಇದೇ ಮೇಷ್ಟ್ರು. ಕಚೇರಿ ಮುಗಿದ ಮೇಲೆ ವೇದಿಕೆಯ ಮೇಲೇ ಮೇಡಂ ಮೇಷ್ಟ್ರ ಕಾಲಿಗೆರಗಿದರು. ಮೇಷ್ಟ್ರು ಸಂಕೋಚದಿಂದ, "ಏಳಿ ಏಳಿ, ಜನ ನಾನೇನೋ ದೊಡ್ಡ ಮನುಷ್ಯ ಅಂದ್ಕೊಂಡುಬಿಡ್ತಾರೆ" ಅಂದರು.

ಬಿಕ್ಕಳಿಕೆ ಹುಡುಗಿ ಓದು ಮುಗಿಸಿ, ಬೇರೆ ಊರಲ್ಲಿ ಕೆಲವು ಕಾಲ ಕಲಿಸಿ, ಇಲ್ಲಿಗೇ ಅಧ್ಯಾಪಕಿಯಾಗಿ ಬಂದಳು. ಅವಳ ಕಿವಿಯಂಥ ಕಿವಿ ವಿಭಾಗದಲ್ಲಿ ಇನ್ನೊಂದಿರಲಿಲ್ಲ. ಜಗಳ ಬಿಡಿಸುವುದರಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಸೇವೆ ಇನ್ನೂ ಕೆಲವು ವರ್ಷ ಉಳಿದಿರುವಾಗಲೇ ಮೇಡಂ ಮುಖ್ಯಸ್ಥೆಯ ಕೆಲಸವನ್ನು ಅವಳ ಕೈಗೊಪ್ಪಿಸಿದರು. "ನಾನಾ ಮೇಡಂ?" ಎಂದು ಅವಳು ಬಿಳುಚಿಕೊಂಡಾಗ, "ನೀನೇ. ನೀರು ಕುಡಿ ಮೊದ್ಲು" ಅಂದರು.

ಮನೆಯಲ್ಲಿ ಅತ್ತೆಗೆ ಆಗಲೇ ಕಿವಿ ಮಂದವಾಗಿತ್ತು. ಸೊಸೆ ಹತ್ತಿರ ಕೂತು ಗಟ್ಟಿಯಾಗಿ ಹೇಳಿದರು: "ಅತ್ತೆ, ಇವತ್ತು ಕುರ್ಚಿ ಬಿಟ್ಕೊಟ್ಟೆ."

"ಬೇಜಾರಾಯ್ತಾ?"

"ಇಲ್ಲ ಅತ್ತೆ. ನೀವು ಈ ಮನೆ, ಮಗೂನ ನೋಡ್ಕೊಳ್ದೇ ಇದ್ದಿದ್ರೆ ನಾನು ಆ ಕುರ್ಚೀಲಿ ಒಂದು ವರ್ಷಾನೂ ಕೂರ್ತಿರಲಿಲ್ಲ. ಇದನ್ನ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಇವತ್ತು ಹೇಳ್ಬೇಕು ಅನ್ನಿಸ್ತು."

ಅತ್ತೆ ಕಿವಿಗೆ ಕೈ ಒಡ್ಡಿದರು. "ಏನು? ಇನ್ನೊಂದ್ಸಲ ಹೇಳು."

ಮೇಡಂ ಇನ್ನೊಂದು ಸಲ ಹೇಳಿದರು. ಅತ್ತೆಯ ಕಣ್ಣಂಚಿನಲ್ಲಿ ತುಂಟತನ ಕಂಡಿತು. ಮೊದಲ ಸಲವೇ ಕೇಳಿಸಿತ್ತು ಎಂದು ಮೇಡಂಗೆ ಆಗ ಗೊತ್ತಾಯಿತು. ಆದರೂ ಮೂರನೆಯ ಸಲವೂ ಹೇಳಿದರು.

ಸೋಮವಾರ ಬೆಳಗ್ಗೆ ಹೊಸ ಮುಖ್ಯಸ್ಥೆ ಕೈಯಲ್ಲಿ ಕಾಗದ ಹಿಡಿದು ಓಡಿಬಂದಳು. "ಮೇಡಂ, ಎರಡು ಕ್ಲಾಸು ಒಂದೇ ಕೋಣೆಗೆ ಬಿದ್ದಿದೆ, ಏನ್ ಮಾಡ್ಲಿ?"

"ನನ್ನ ಕೇಳ್ಬೇಡಮ್ಮ," ಎಂದರು ಮೇಡಂ, "ನಂಗೆ ಪಾಠ ಇದೆ."

ಒಳಗೆ ತಯಾರಿ ವರ್ಷದವರು ಕಾಯುತ್ತಿದ್ದರು. ಒಬ್ಬ ಪಿಟೀಲಿನ ಕಮಾನನ್ನು ಸೌಟಿನ ಹಾಗೆ ಹಿಡಿದು ನಿಂತಿದ್ದ. ಮೇಡಂ ಬಾಗಿಲು ಮುಂದೆ ಮಾಡಿ, ಅವನ ಹೆಬ್ಬೆರಳನ್ನು ಹಿಡಿದು, ಅದು ಇರಬೇಕಾದ ಜಾಗದಲ್ಲಿ ಮೆತ್ತಗೆ ಇಟ್ಟರು.