ಬೆರಳಿಗೆ ಸಿಗದ ಹೊಲಿಗೆ

ಬೀದಿಗೆಲ್ಲ ಅವಳು ರಫು ಅಕ್ಕ. ಹರಿದ ಬಟ್ಟೆಗೆ ಎಳೆಗೆ ಎಳೆ ಹೆಣೆದು, ಹರಿದ ಗುರುತೇ ಇಲ್ಲದಂತೆ ಮಾಡುವುದು ಅವಳ ಮೂವತ್ತು ವರ್ಷದ ಕಸುಬು. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾಳೆ. ಹರಿದ ಜಾಗ ಬೆರಳಿಗೆ ಸಿಕ್ಕಿತೋ, ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಕಂಡವರ ಬಟ್ಟೆಗೆ ಜಿಡ್ಡು ತಾಗಬಾರದೆಂದು ಹಾಲು, ಮೊಸರು, ಮೊಟ್ಟೆ, ಮೀನು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಹಗಲೆಲ್ಲ ಒಣ ಬ್ರೆಡ್ಡು, ಹಾಲಿಲ್ಲದ ಚಹಾ. ಬರಬರುತ್ತ ರಾತ್ರಿಯ ಊಟವೂ ಅದೇ ಆಗಿಹೋಯಿತು.

ಈ ವರ್ಷ ಒಂದು ವಿಚಿತ್ರ. ಹೊಲಿದದ್ದೆಲ್ಲ ಮೊದಲ ಸಲಕ್ಕೇ ಪಾಸು!

"ನೋಡೇ, ವಯಸ್ಸಾದ ಹಾಗೆ ಕೈ ಪಳಗ್ತಾ ಇದೆ," ಎಂದು ಸೊಸೆಯ ಮುಂದೆ ಜಂಬ ಕೊಚ್ಚಿದಳು.

ಜಂಬಕ್ಕೆ ಆಯಸ್ಸು ಕಡಿಮೆ. ಹಳೆಯ ಗಿರಾಕಿ ಮೇಷ್ಟ್ರು ತಮ್ಮ ಕೋಟನ್ನು ವಾಪಸು ತಂದರು. ಸೊಸೆ ಬೆರಳಾಡಿಸಿ ನೋಡಿದಳು.

"ಅತ್ತೆ, ಇಲ್ಲಿ ಗಂಟು ಗಂಟಾಗಿದೆಯಲ್ಲ. ನಿಮಗೆ ಗೊತ್ತಾಗ್ಲಿಲ್ವಾ?"

ರಫು ಅಕ್ಕ ಮತ್ತೆ ಮತ್ತೆ ಸವರಿದಳು. ಏನೂ ಸಿಗಲಿಲ್ಲ. ಹೊಲಿಗೆ ನುಣುಪಾದದ್ದಲ್ಲ, ಬೆರಳ ತುದಿಯೇ ಮರಗಟ್ಟಿತ್ತು. ಬೆರಳೇ ಹೋದರೆ ಅವಳಿಗೆ ಇನ್ನೇನು ಉಳಿಯಿತು?

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಊಟದ ವಿಷಯ ಕೇಳಿ ತಲೆಯಾಡಿಸಿದರು. "ಬಿ-ಹನ್ನೆರಡು ಅನ್ನೋ ವಿಟಮಿನ್ ತಳ ಮುಟ್ಟಿದೆ ಅಮ್ಮ. ನರಗಳಿಗೆ ಅದು ಬೇಕೇ ಬೇಕು. ಹಾಲು, ಮೊಸರು, ಮೊಟ್ಟೆ, ಮೀನಲ್ಲಿ ಸಿಗುತ್ತೆ; ಕಾಳು, ಸೊಪ್ಪಲ್ಲಿ ಸಿಗಲ್ಲ. ಈಗ ಇಂಜೆಕ್ಷನ್ ತಗೊಳ್ಳಿ, ಜೊತೆಗೆ ಊಟ ಸರಿ ಮಾಡ್ಕೊಳ್ಳಿ."

"ಬೆರಳು ಮೊದಲಿನ ಹಾಗಾಗುತ್ತಾ?"

"ಆಗಬಹುದು. ಖಂಡಿತ ಅಂತ ಹೇಳೋಕಾಗಲ್ಲ."

"ಜಿಡ್ಡು ಕೈಲಿ ಸೂಜಿ ಹಿಡಿಯೋದು ಹ್ಯಾಗೆ?"

"ಸೋಪು ಅಂತ ಒಂದಿದೆ, ಅತ್ತೆ," ಎಂದಳು ಸೊಸೆ.

ಅಂದಿನಿಂದ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಬಟ್ಟಲು ತುಂಬ ಮೊಸರು. ಸೊಸೆ ಎದುರಿಗೇ ಕೂತು ತಿನ್ನಿಸುತ್ತಿದ್ದಳು. ಹೊರಗಿನ ಬಟ್ಟೆಯನ್ನು ಅಕ್ಕ ಮುಟ್ಟಲಿಲ್ಲ. ದಿನಾ ಕಪಾಟಿನಿಂದ ಗಂಡನ ಅಂಗಿಯೊಂದನ್ನು ತೆಗೆದು ಸವರುವಳು. ಆ ಜಂಬದ ದಿನಗಳಲ್ಲೇ ಹೊಲಿದದ್ದು. ನುಣುಪೋ ನುಣುಪು. ಅಳು ನುಂಗಿ ಮಡಚಿಡುವಳು.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ಬೆರಳು ತಡೆಯಿತು. ಒಂದು ಗಂಟು. ಪಕ್ಕದಲ್ಲೇ ಇನ್ನೊಂದು.

"ಥೂ, ಎಂಥ ದರಿದ್ರ ಹೊಲಿಗೆ!"

ಗಾಬರಿಯಿಂದ ಓಡಿಬಂದ ಸೊಸೆ ನೋಡಿದರೆ, ಅತ್ತೆಯ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಕತ್ತರಿ ಕೊಡೇ," ಎಂದಳು ರಫು ಅಕ್ಕ. "ಎಲ್ಲ ಬಿಚ್ಚಬೇಕು."