ಮೂರನೆಯ ಸಾಲಿನ ಗಂಡ

ಬಸ್ ಡಿಪೋದ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸಕ್ಕೂ ಭಾಷಣಕ್ಕೂ ಏನು ಸಂಬಂಧ ಎಂದರೆ, ಏನೂ ಇಲ್ಲ. ಆದರೂ ಆ ಡಿಪೋದಲ್ಲಿ ಹನ್ನೆರಡು ವರ್ಷದಿಂದ ಯಾರು ನಿವೃತ್ತರಾದರೂ ಅವರ ಬಗ್ಗೆ ನಾಲ್ಕು ಮಾತಾಡುತ್ತಿದ್ದವನು ಈ ಸ್ಟೋರಿನವನೇ. ಡ್ರೈವರುಗಳು ಅವನಿಗೆ ಮಾತಿನಮಲ್ಲ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೋ ಕೀಟಲೆಯೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನಂತೂ ಹೊಗಳಿಕೆಯೆಂದೇ ಇಟ್ಟುಕೊಂಡಿದ್ದ.

ಅವನ ಗುಟ್ಟು ಸಣ್ಣದು. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರು ಕಥೆ ಕಟ್ಟುವುದಕ್ಕೆಂದು ಐದು ಸಾಲು ಬರೆಸಿದ್ದರು. ಒಬ್ಬರಿದ್ದರು. ಅವರಿಗೆ ಏನೋ ಬೇಕಿತ್ತು. ಏನೋ ಅಡ್ಡ ಬಂತು. ಯಾರೋ ಕೈ ಹಿಡಿದರು. ಕೊನೆಗೆ ಹೀಗಾಯಿತು. ಮಗಳು ಆ ಐದೇ ಸಾಲಿನಲ್ಲಿ ಒಂದು ಇರುವೆಯನ್ನು ಹೊಳೆ ದಾಟಿಸಿಬಿಟ್ಟಿದ್ದಳು. ಅಪ್ಪ ಓದಿ ದಂಗಾಗಿ ಹೋದ. ಸುಮ್ಮನೆ ತಲೆ ಕೆರೆದುಕೊಂಡರೆ ಏನೂ ಹೊಳೆಯುವುದಿಲ್ಲ. ಎದುರಿಗೆ ಒಂದು ಖಾಲಿ ಸಾಲು ಬಾಯಿ ತೆರೆದುಕೊಂಡು ಕೂತರೆ ತಾನಾಗಿ ಹೊಳೆಯುತ್ತದೆ. ಅಂದಿನಿಂದ ಸ್ಟೋರಿನ ಹಳೇ ಚೀಟಿಗಳ ಹಿಂಬದಿಗೆ ಐದು ಸಾಲು ಗೀಚಿಕೊಂಡು, ಒಂದೊಂದನ್ನೇ ತುಂಬುತ್ತ ಹೋಗುವುದು ಅವನಿಗೆ ಚಟವಾಯಿತು.

ತೊಡಕಾಗುತ್ತಿದ್ದುದು ಮೂರನೆಯ ಸಾಲು. “ಏನು ಕಷ್ಟ ಬಂತು?” ಎಂದು ಕೇಳಿದರೆ ನಿವೃತ್ತರಾಗುವವರು “ಏನಿಲ್ಲಪ್ಪ” ಎನ್ನುತ್ತಿದ್ದರು. ಕಷ್ಟವೇ ಇಲ್ಲದ ಕಥೆಗೆ ಚಪ್ಪಾಳೆ ತಟ್ಟುವವರು ಯಾರು? ಹಾಗಾಗಿ ಅವನೇ ಒಂದು ಕಷ್ಟವನ್ನು ದಾನ ಮಾಡುತ್ತಿದ್ದ. ಟೈರಿನವನಿಗೆ ಕೊಚ್ಚಿಹೋದ ಒಂದು ರಸ್ತೆ ಕೊಟ್ಟ. ಗೇಟಿನ ಕಾವಲುಗಾರನಿಗೆ ಒಬ್ಬ ಕಳ್ಳನನ್ನು ಕೊಟ್ಟ. ಆ ಕಾವಲುಗಾರ ಮುಂದೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಳ್ಳನ ಮೀಸೆ ಎಷ್ಟು ಉದ್ದವಿತ್ತೆಂದು ವರ್ಣಿಸತೊಡಗಿದ. ಯಾರ ಗಂಟು ಏನು ಹೋಯಿತು ಎಂದು ಮಾತಿನಮಲ್ಲ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹೀಗಿರುವಾಗ ಸೀಟಿನಕ್ಕನ ಸರದಿ ಬಂತು. ಹರಿದ ಬಸ್ ಸೀಟುಗಳಿಗೆ ಮೂವತ್ತೊಂದು ವರ್ಷ ರೆಕ್ಸಿನ್ ಹೊಲಿದ ಹೆಂಗಸು. ಡಿಪೋದಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಸೀಟಿನಕ್ಕನೇ. ಸಮಾರಂಭಕ್ಕೆ ಎರಡು ದಿನ ಮುಂಚೆ ಅವನು ಚೀಟಿ ಹಿಡಿದುಕೊಂಡು ಅವಳ ಮಿಷನ್ ಹತ್ತಿರ ಹೋದ.

“ಅಕ್ಕ, ಏನೇನು ಕಷ್ಟಪಟ್ಟೆ, ಹೇಳು.”

“ಏನಿಲ್ಲಪ್ಪ. ಬಂದೆ, ಹೊಲಿದೆ, ಹೋದೆ.”

“ಹಾಗಂದ್ರೆ ಆಗುತ್ತಾ? ಮೂವತ್ತೊಂದು ವರ್ಷ!”

“ಬೆರಳಿಗೆ ಸೂಜಿ ಚುಚ್ಕೊಂಡಿದೀನಿ. ಬೇಕಾದ್ರೆ ಬರ್ಕೊ.”

ಸೂಜಿಯಿಂದ ಸಭೆಗೆ ಅಳು ಬರುವುದಿಲ್ಲ. ಅವನ ಕಣ್ಣು ಮೇಜಿನ ಮೇಲಿದ್ದ ದೊಡ್ಡ ಕತ್ತರಿಯ ಮೇಲೆ ಬಿತ್ತು, ಮೂರನೆಯ ಸಾಲು ಫಕ್ಕನೆ ತುಂಬಿಕೊಂಡಿತು. ಹೆಂಡತಿ ಕೆಲಸಕ್ಕೆ ಹೋಗಕೂಡದೆಂದು ಕತ್ತರಿ ಬಚ್ಚಿಟ್ಟ ಗಂಡ! ಅವಳ ಗಂಡನನ್ನು ಅವನು ದೂರದಿಂದ ನೋಡಿದ್ದ, ಅಷ್ಟೇ. ದಿನಾ ಬೆಳಿಗ್ಗೆ ಗೇಟಿನವರೆಗೆ ಅವಳ ಜೊತೆ ನಡೆದು ಬಂದು, ಒಳಗೆ ಕಾಲಿಡದೆ ಹಿಂದಿರುಗುವ ತೆಳ್ಳಗಿನ ಮನುಷ್ಯ. ಹೀಗೇನಾದರೂ ನಡೆದಿತ್ತೇ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಕಥೆ ಕೆಡುತ್ತಿತ್ತು.

ಸಮಾರಂಭ ಕ್ಯಾಂಟೀನಿನಲ್ಲಿ. ಇನ್ನೂರು ಜನ. ಆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಮೊದಲ ಸಲ ಡಿಪೋದ ಒಳಗೆ, ಎಲ್ಲರಿಗಿಂತ ಮುಂದೆ ಕೂತಿದ್ದ. ಮಾತಿನಮಲ್ಲ ಮೈಕಿನ ಮುಂದೆ ನಿಂತು ಆ ಗಂಡನ ಬಾಯಲ್ಲಿ “ಮನೆ ಹೆಂಗಸು ಬಸ್ಸಿನ ಸೀಟು ಹೊಲಿಯೋದಾ?” ಎಂಬ ಮಾತನ್ನೂ ಇಟ್ಟ. ಅವನಿಂದ ಕತ್ತರಿ ಬಚ್ಚಿಡಿಸಿದ. ಪಕ್ಕದ ಮನೆಯ ಹೆಂಗಸಿನಿಂದ ಇನ್ನೊಂದು ಕತ್ತರಿ ಕೊಡಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಇನ್ನೂರು ತಲೆಗಳು ಆ ಇಸ್ತ್ರಿ ಅಂಗಿಯ ಕಡೆ ತಿರುಗಿದವು. ಸೀಟಿನಕ್ಕ ಅರ್ಧ ಎದ್ದು ಏನೋ ಹೇಳಲು ಬಾಯಿ ತೆರೆದಳು. ಅದು ಚಪ್ಪಾಳೆಯಲ್ಲಿ ಮುಳುಗಿತು, ಮ್ಯಾನೇಜರು ಅವಳ ಕೈಗೆ ಗೋಡೆ ಗಡಿಯಾರ ಕೊಟ್ಟು ಫೋಟೋಗೆ ನಿಲ್ಲಿಸಿದರು.

ಕೈ ತೊಳೆಯುವ ನಲ್ಲಿಯ ಹತ್ತಿರ ಆ ಗಂಡ ಮಾತಿನಮಲ್ಲನಿಗಾಗಿ ಕಾಯುತ್ತಿದ್ದ.

“ಚೆನ್ನಾಗಿ ಮಾತಾಡಿದ್ರಿ,” ಎಂದ. ಆಮೇಲೆ ಮೆಲ್ಲಗೆ, “ಒಂದ್ಸಲ ಕತ್ತರಿ ಎತ್ತಿಟ್ಟಿದ್ದೆ, ನಿಜ. ಮಗು ಅಂಬೆಗಾಲಿಡ್ತಿತ್ತು, ಕೈಗೆ ಸಿಗಬಾರದು ಅಂತ ಬೀರು ಮೇಲಿಟ್ಟಿದ್ದೆ. ಅವಳು ಅದನ್ನ ಹಾಗೆ ತಿಳ್ಕೊಂಡಿದ್ಲಾ? ನನ್ನ ಹತ್ರ ಒಂದಿನಾನೂ ಅನ್ನಲಿಲ್ಲವಲ್ಲ. ನಿಮ್ಮ ಹತ್ರ ಇನ್ನೇನೇನು ಹೇಳ್ಕೊಂಡಿದಾಳೆ?”

ಇಲ್ಲ, ನಾನೇ ಕಟ್ಟಿದ್ದು ಎಂದು ಮಾತಿನಮಲ್ಲ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮ್ಯಾನೇಜರು ಬಂದು “ಕಣ್ಣಲ್ಲಿ ನೀರು ತರಿಸಿಬಿಟ್ರಲ್ರೀ” ಎಂದು ಭುಜ ತಟ್ಟಿದರು. ಅವರೆದುರು ಬಾಯಿ ಬರಲಿಲ್ಲ.

“ಹಳೇದು ಬಿಡಿ ಭಾವ, ಈಗ್ಯಾಕೆ,” ಎಂದುಬಿಟ್ಟ.

ಹೇಡಿ, ಎಂದು ತನ್ನನ್ನೇ ಬೈದುಕೊಂಡ. ಆ ಮನುಷ್ಯ ತಲೆಯಾಡಿಸಿ, ಹೆಂಡತಿಯ ಗಡಿಯಾರದ ಪೆಟ್ಟಿಗೆ ಎತ್ತಿಕೊಂಡು ಗೇಟಿನ ಕಡೆ ನಡೆದ. ಮಾತಿನಮಲ್ಲನಿಗೆ ಅಂದು ಮನೆಯಲ್ಲಿ ಊಟ ಸೇರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ನಾಚಿಕೆಯಾಗಿ ಮಾರನೆಯ ದಿನ ಗಡ್ಡ ಹೆರೆಯದೆ ಕೆಲಸಕ್ಕೆ ಹೋದ. ಎದುರು ಸಿಕ್ಕವರೆಲ್ಲ ಭಾಷಣ ಹೊಗಳುವವರೇ.

ಮೂರನೆಯ ದಿನ ತಡೆಯಲಾಗದೆ ಅವರ ಮನೆಗೆ ಹೋದ. ಬಾಗಿಲು ತೆರೆದ ಸೀಟಿನಕ್ಕ ಒಳಗೆ ಬಾ ಎನ್ನಲಿಲ್ಲ.

“ಎರಡು ದಿನದಿಂದ ಹಳೇದನ್ನೆಲ್ಲ ಕೆದಕ್ತಾ ಕೂತಿದಾರೆ,” ಎಂದಳು. “ಇನ್ನೇನು ನೋಯಿಸಿದೀನಿ ಹೇಳು ಅಂತಾರೆ. ಏನೂ ಇಲ್ಲ ಅಂದ್ರೆ, ಹೊರಗಿನವರಿಗೆ ಹೇಳ್ತೀಯ ನನಗೆ ಹೇಳಲ್ಲ ಅಂತಾರೆ. ನಿನಗೆ ಗೊತ್ತಾ, ನನಗೆ ಹೊಲಿಗೆ ಕಲಿಸಿದ್ದೇ ಅವರು. ಟೈಲರ್ ಆಗಿದ್ರು. ಕೈ ನಡುಕ ಬಂದು ಅವರ ಮಿಷನ್ ನಿಂತಾಗ, ನೀನು ಹೋಗು ಅಂತ ಅರ್ಜಿ ಹಾಕಿಸಿದ್ದೂ ಅವರೇ.”

ಕೈ ಹಿಡಿದವರ ನಾಲ್ಕನೆಯ ಸಾಲಿನಲ್ಲಿರಬೇಕಾದವನನ್ನು ಮಾತಿನಮಲ್ಲ ಅಡ್ಡ ಬಂದವರ ಮೂರನೆಯ ಸಾಲಿಗೆ ತಳ್ಳಿದ್ದ. ಬಾಗಿಲು ದಾಟಿ ಹೋಗಿ, ಸ್ಟೂಲಿನ ಮೇಲೆ ಕೂತಿದ್ದ ಆ ಗಂಡನ ಮುಂದೆ ಕೈಕಟ್ಟಿ ನಿಂತ.

“ತಪ್ಪಾಯ್ತು ಭಾವ. ಅಕ್ಕ ಏನೂ ಹೇಳಿಲ್ಲ. ಎಲ್ಲ ನಾನೇ ಕಟ್ಟಿದ್ದು.”

ಆತ ನಡುಗುವ ಕೈ ಎತ್ತಿ ಅವನ ತೋಳು ಮುಟ್ಟಿದ. “ನಿಮ್ಮದು ಒಳ್ಳೇ ಮನಸ್ಸು. ಸಮಾಧಾನ ಹೇಳೋಕೆ ಬಂದಿದೀರಿ. ಅಷ್ಟು ಜನರ ಮುಂದೆ ಯಾರಾದ್ರೂ ಸುಳ್ಳು ಹೇಳ್ತಾರಾ?”

“ಹಾಗಾದ್ರೆ ಅಷ್ಟೂ ಜನರ ಮುಂದೇನೇ ಸುಳ್ಳು ಅಂತ ಹೇಳು,” ಎಂದಳು ಸೀಟಿನಕ್ಕ.

“ನಾಳೆ ಮಧ್ಯಾಹ್ನ ಹೇಳ್ತೀನಿ. ಇಬ್ರೂ ಬನ್ನಿ.”

“ನಾನು ಅವರೆಲ್ಲರ ಮುಂದೆ ಮತ್ತೆ ಕೂರಲಾರೆ,” ಎಂದ ಗಂಡ. ಹೆಂಡತಿಯ ಕಡೆ ತಿರುಗಿ, “ನೀನು ಹೋಗ್ಬಾ. ಇವರ ಮಾತು ಕೇಳಿ ಜನ ಏನಂದ್ರು ಅಂತ ಬಂದು ಹೇಳು,” ಎಂದ.

ಮರುದಿನ ಊಟದ ಹೊತ್ತಿನಲ್ಲಿ ಮಾತಿನಮಲ್ಲ ಕ್ಯಾಂಟೀನಿನ ಬೆಂಚಿನ ಮೇಲೆ ಹತ್ತಿ ನಿಂತ. ಹೆಸರು ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದ. ಆದರೆ ಹನ್ನೆರಡು ವರ್ಷ ಪಳಗಿದ ನಾಲಿಗೆ ತನ್ನ ದಾರಿ ತಾನೇ ಹಿಡಿಯಿತು. “ಒಬ್ಬ ಸ್ಟೋರಿನವನಿದ್ದ,” ಎಂದ. “ಅವನಿಗೆ ಚಪ್ಪಾಳೆ ಬೇಕಿತ್ತು.” ಜನ ತಟ್ಟೆ ಸರಿಸಿ ಆರಾಮಾಗಿ ಕೂತರು. ಅವನು ನಾಲಿಗೆ ಕಚ್ಚಿಕೊಂಡು ಮತ್ತೆ ಶುರು ಮಾಡಿದ.

“ಕಥೆ ಅಲ್ಲ ಇದು. ಅವತ್ತು ಸುಳ್ಳು ಹೇಳ್ದೆ. ಆ ಮನುಷ್ಯ ಕತ್ತರಿ ಬಚ್ಚಿಟ್ಟಿಲ್ಲ. ಅವರೇ ಅಕ್ಕನಿಗೆ ಹೊಲಿಗೆ ಕಲಿಸಿದ್ದು, ಅವರೇ...” ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಕಣ್ಣೀರು, ಅವನ ಜನ್ಮದಲ್ಲಿ ಮೊದಲ ಸಲ ಮೈಕಿಲ್ಲದೆ ಬಂದದ್ದು.

ಒಬ್ಬ ಹಳೇ ಡ್ರೈವರು ಎದ್ದು ನಿಂತ. “ನೋಡ್ರಪ್ಪ, ಒಬ್ಬ ಗಂಡಸಿನ ಮಾನ ಉಳಿಸೋಕೆ ತಾನೇ ಸುಳ್ಳುಗಾರ ಅನ್ನಿಸ್ಕೊಳ್ತಿದಾನೆ. ಎಂಥ ಮನುಷ್ಯ!”

ಕ್ಯಾಂಟೀನ್ ಕಿತ್ತುಹೋಗುವ ಹಾಗೆ ಚಪ್ಪಾಳೆ ಬಿತ್ತು. “ಇಲ್ಲ, ನಿಜವಾಗ್ಲೂ ಸುಳ್ಳು!” ಎಂದು ಅವನು ಕಿರುಚಿದ. ಅದಕ್ಕೂ ಚಪ್ಪಾಳೆ. ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದ. ಬೆಂಚಿನಿಂದ ಇಳಿದ.

ಸೀಟಿನಕ್ಕ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗದ್ದಲ ತಣ್ಣಗಾಗುವವರೆಗೆ ಕಾದು ಅವನ ಬಳಿ ಬಂದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಜನ ಏನಂದ್ರು ಅಂತ ಅವರು ಕೇಳ್ತಾರೆ,” ಎಂದಳು. “ಏನಂತ ಹೇಳ್ಲಿ?”

ಅವನ ಕೈ ಅಭ್ಯಾಸದಂತೆ ಜೇಬಿನ ಚೀಟಿಯ ಕಡೆ ಹೋಗಿ, ಹಾಗೇ ಹಿಂದೆ ಬಂತು. ಅವಳು ಸೆರಗು ಹೊದ್ದುಕೊಂಡು ಮನೆಯ ದಾರಿ ಹಿಡಿದಳು.