ಬೆಂಚಿನ ಮೇಲಿನ ಅಡಿವೆಪ್ಪ

ಬೈಲಹೊಂಗಲದ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಡಾಕ್ಟರಿಲ್ಲ; ಆ ಕೊರತೆಯನ್ನು ಹೊರಗಿನ ಬೆಂಚಿನ ಮೇಲೆ ಕುಳಿತ ಅಡಿವೆಪ್ಪ ನೀಗಿಸುತ್ತಾನೆ. ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ದಲಾಲಿ ಮಾಡಿದವನು, ಹೆಂಡತಿ ನೀಲವ್ವನ ಕೊರಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಗಂಟು ಕಂಡ ಆರೇ ತಿಂಗಳಲ್ಲಿ ರಕ್ತದ ಪಂಡಿತನಾಗಿದ್ದಾನೆ. ಯಾರ ರಿಪೋರ್ಟ್ ಹೊರಬಂದರೂ ಮೊದಲು ಅವನ ಕೈಗೇ ಬರಬೇಕು. ಹತ್ತಿಯ ಎಳೆ ನೋಡುವವನಂತೆ ಕಾಗದವನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ತೀರ್ಪು ಕೊಡುತ್ತಾನೆ. ಗಂಟಿನ ಕಾಯಿಲೆಯವರು ಸಿಕ್ಕರಂತೂ ಅವನಿಗೆ ಹಬ್ಬ. "ಎಲ್‌ಡಿಎಚ್ ಅನ್ನೂ ಅಂಕಿ ಒಂದ ನೋಡ್ರಿ, ಉಳಿದದ್ದೆಲ್ಲಾ ಹೊಟ್ಟು. ಇಳಿತಂದ್ರ ಔಷಧ ಹತ್ತೇತಿ, ಏರಿತಂದ್ರ ಜಡ್ಡು ಜೋರ ಐತಿ. ನಿಮ್ದು ಏರೇತಿ," ಎಂದು ಸಂಗೊಳ್ಳಿಯ ಮುದುಕನ ಬೆವರಿಳಿಸುತ್ತಾನೆ. "ಬೆಳಗಾವಿ ಡಾಕ್ಟರು ಅಂಜಬ್ಯಾಡ ಅಂದಾರಲ್ರೀ," ಎಂದು ಮುದುಕ ತೊದಲಿದರೆ, "ಡಾಕ್ಟರು ನಿಮ್ಮ ಮಾರಿ ನೋಡಿ ಮಾತಾಡ್ತಾರ. ಅಂಕಿ ಯಾರ ಮಾರೀನೂ ನೋಡೂದಿಲ್ಲ," ಎನ್ನುತ್ತಾನೆ. ದಲಾಲಿಯಲ್ಲೂ ಅಷ್ಟೇ, ಕೂಗಿದ ಅಂಕಿಯನ್ನು ಅವನು ಎಂದೂ ತಿರುಚಿದವನಲ್ಲ. ಕಡೆಗೆ ನೀಲವ್ವನ ರಿಪೋರ್ಟ್ ಬರುತ್ತದೆ. ಓದಲು ಬಾರದ ಆಕೆ, ಕೂದಲುದುರಿದ ತಲೆಯ ಮೇಲೆ ಸೆರಗೆಳೆದುಕೊಂಡು, "ಏರೇತೇನ್ರಿ?" ಎಂದು ಕೇಳುತ್ತಾಳೆ. ಅಡಿವೆಪ್ಪ ಬಿಸಿಲಿಗೆ ಹಿಡಿಯುವುದಿಲ್ಲ, ತಿಕ್ಕುವುದಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕುತ್ತಾನೆ. "ಏರೇತಿ," ಎನ್ನುತ್ತಾನೆ, "ಹೆಣ್ಣಮಕ್ಕಳಿಗೆ ಇದು ಏರಿದಷ್ಟೂ ಚಲೋ." ಆರು ತಿಂಗಳಿಂದ ಅದೇ ಬೆಂಚಿನಲ್ಲಿ ಅವನ ಪಕ್ಕದಲ್ಲೇ ಕುಳಿತು, ಹೆಣ್ಣು ಗಂಡೆನ್ನದೆ ಎಲ್ಲರಿಗೂ ಅವನು ಹೇಳಿದ್ದನ್ನೆಲ್ಲ ಕೇಳಿರುವ ನೀಲವ್ವ, "ಹಂಗಾರ ಚಲೋ ಆತ ಬಿಡ್ರಿ," ಎಂದು ಅವನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಕೊಡುತ್ತಾಳೆ.